ಸೋಲಲು ಕಲಿತ ಯಂತ್ರ

ಹಾಡುವವನು ತನ್ನ ಪಾಡಿಗೆ ತಾನು ಒಂದು ಮೂಲೆಯಲ್ಲಿ ಕುಳಿತು ಹಾಡಿಕೊಳ್ಳಬಹುದು. ಓದುವವನಿಗೆ ಪುಸ್ತಕವೊಂದಿದ್ದರೆ ಸಾಕು. ಇಸ್ಪೀಟಿನ ಎಲೆ ಹಿಡಿದವನು ಕೂಡ, ಜೊತೆಗಾರರಿಲ್ಲದಾಗ, ಎಲೆಗಳನ್ನು ತಾನೇ ಹಾಸಿ ತಾನೇ ಎತ್ತಿ ಹೊತ್ತು ಕಳೆಯಬಲ್ಲನು. ಚದುರಂಗವನ್ನು ಪ್ರೀತಿಸುವವನ ಪಾಡು ಮಾತ್ರ ಹಾಗಲ್ಲ. ಅವನಿಗೆ ಎದುರಿನಲ್ಲಿ ಒಬ್ಬನು ಬೇಕು. ಬೇಕಾದವನಾದರೂ ಎಂಥವನೋ ಒಬ್ಬನಾದರೆ ಸಾಲದು. ತನಗಿಂತ ಬಹಳ ಬಲ್ಲವನು ಸಿಕ್ಕಿದರೆ ಆಟ ಹತ್ತು ಹದಿನೈದು ನಡೆಗೆ ಕೆಟ್ಟು ಮನಸ್ಸು ಮುದುಡುತ್ತದೆ. ಏನೂ ತಿಳಿಯದವನು ಸಿಕ್ಕಿದರೆ ಗೆದ್ದರೂ ಗೆದ್ದ ಸುಖವಿಲ್ಲ. ಕವಡೆಯೋ ದಾಳವೋ ಅರ್ಧ ಪಾಲು ಆಡಿಕೊಡುವ ಚೌಕಾಬಾರ, ಪಗಡೆಗಳಲ್ಲಿ ಅಜ್ಜಿಯೂ ಮೊಮ್ಮಗನೂ ಸರಿಸಮಾನರಾಗಿ ಕುಳಿತುಕೊಳ್ಳಬಹುದು. ಅದೃಷ್ಟಕ್ಕೆ ಎಳ್ಳಷ್ಟೂ ಎಡೆಯಿಲ್ಲದ ಈ ಅರವತ್ತನಾಲ್ಕು ಮನೆಗಳ ಮಣೆಯ ಮುಂದೆ, ಬೇಕೆಂದ ಹೊತ್ತಿಗೆ, ಸಮಬಲನಾದ ಎದುರಾಳಿಯೊಬ್ಬನು ದೊರೆಯುವುದು ದೊಡ್ಡ ಊರುಗಳಲ್ಲಿಯೂ ಭಾಗ್ಯದ ಮಾತೇ ಆಗಿತ್ತು.

ಈ ಅಭಾವವನ್ನು ಹಿಂದಿನವರೂ ಅನುಭವಿಸಿ ಬಲ್ಲವರಾಗಿದ್ದರು. ಒಂಟಿಯಾಗಿ ಕುಳಿತಾಗ ಮಣೆಯ ಮೇಲೆ ಮಾಡತಕ್ಕದ್ದೇನು ಎಂಬುದಕ್ಕೆ ಅವರು ಕಂಡುಕೊಂಡ ಉತ್ತರಗಳಲ್ಲಿ ಅತ್ಯಂತ ಸುಂದರವಾದದ್ದು ಕುದುರೆಯ ಪರ್ಯಟನ: ಒಂದು ಮನೆಯನ್ನೂ ಎರಡನೆಯ ಸಲ ಮೆಟ್ಟದೆ, ತನ್ನ ಎಂದಿನ ಓರೆನಡೆಯಿಂದಲೇ, ಕುದುರೆಯು ಅರವತ್ತನಾಲ್ಕು ಮನೆಗಳನ್ನೂ ಸುತ್ತಿಬರುವಂತೆ ಮಾಡುವ ಸಮಸ್ಯೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಈ ವಿನೋದದಲ್ಲಿ ಪರಮಾಸಕ್ತರಾಗಿದ್ದು ಇಂಥ ಅನೇಕ ಕುದುರೆನಡೆಗಳನ್ನು ರಚಿಸಿದರೆಂಬುದು ನಮ್ಮ ನಾಡಿನವರು ನೆನೆಯತಕ್ಕ ಸಂಗತಿ. ಅದೇ ಕಾಲದಲ್ಲಿ, ಬಹುದೂರದ ಯೂರೋಪು ಅಮೆರಿಕಗಳಲ್ಲಿ, ತುರುಕ ದೇಶದವನ ವೇಷ ತೊಟ್ಟು ಪೇಟ ಸುತ್ತಿಕೊಂಡ ಒಂದು ಮರದ ಬೊಂಬೆಯು, ಪೆಟ್ಟಿಗೆಯೊಂದರ ಹಿಂದೆ ಕುಳಿತು, ಇದೇ ಕುದುರೆಯ ಪರ್ಯಟನವನ್ನು ಮಾಡಿ ತೋರಿಸಿ ಸಭಿಕರನ್ನು ಬೆರಗುಗೊಳಿಸುತ್ತಿತ್ತು.

ವಿಯೆನ್ನಾದ ರಾಣಿ ಮರಿಯಾ ತೆರೇಸಾಳ ಆಸ್ಥಾನಕ್ಕಾಗಿ ವುಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಎಂಬಾತನು 1769ರಲ್ಲಿ ನಿರ್ಮಿಸಿದ ಈ ಬೊಂಬೆ ಚದುರಂಗವಾಡುತ್ತಿತ್ತು. ಆಡಿ ಬಹುಪಾಲು ಗೆಲ್ಲುತ್ತಿತ್ತು. 1809ರಲ್ಲಿ ನೆಪೋಲಿಯನ್ನನೂ ಅದರ ಮುಂದೆ ಕುಳಿತು ಸೋತನು. ಆಟಕ್ಕೆ ಮೊದಲು ಪೆಟ್ಟಿಗೆಯ ಬಾಗಿಲುಗಳನ್ನು ಒಂದೊಂದಾಗಿ ತೆರೆದು ಒಳಗಿನ ಹಲ್ಲುಗಾಲಿಗಳನ್ನು ತೋರಿಸಲಾಗುತ್ತಿತ್ತು. ಆದರೆ ಒಳಗೆ, ಸರಿದಾಡುವ ಪೀಠವೊಂದರ ಮೇಲೆ, ಒಬ್ಬ ಚತುರ ಆಟಗಾರನು ಮೈ ಮುದುರಿಕೊಂಡು ಕುಳಿತಿರುತ್ತಿದ್ದನು. ಈ ಗುಟ್ಟನ್ನು ಊಹಿಸಿದವರು ಹಲವರು. ಅವರಲ್ಲಿ ಅಮೆರಿಕದ ಲೇಖಕ ಎಡ್ಗರ್ ಅಲನ್ ಪೋ 1836ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಮುಂದಿಟ್ಟ ಒಂದು ಕಾರಣವು ನಮ್ಮ ಈ ವಿಷಯಕ್ಕೆ ಬೀಗದ ಕೈಯಂತಿದೆ. ಈ ಬೊಂಬೆ ಕೆಲವೊಮ್ಮೆ ಸೋಲುತ್ತದೆ. ಶುದ್ಧ ಯಂತ್ರವಾಗಿದ್ದರೆ ಅದು ಯಾವಾಗಲೂ ಗೆಲ್ಲಬೇಕಾಗಿತ್ತು. ಆದುದರಿಂದ ಇದರೊಳಗೆ ಮನುಷ್ಯನಿದ್ದಾನೆ ಎಂಬುದು ಆತನ ತರ್ಕಗಳಲ್ಲಿ ಒಂದು. ತರ್ಕವಾಗಿ ಇದು ದೋಷಯುಕ್ತ. ಸೋಲುವ ಯಂತ್ರಗಳು ಮುಂದೆ ಎಷ್ಟೋ ಬಂದವು. ಆದರೆ ಸೋಲೆಂಬುದು ಮನುಷ್ಯನ ಗುರುತು, ಸೋಲಬಲ್ಲವನ ಮುಂದೆ ಮಾತ್ರ ನಾವು ಆಟವಾಡಲು ಕುಳಿತುಕೊಳ್ಳುತ್ತೇವೆ ಎಂಬ ಹೃದಯದ ಸತ್ಯವೊಂದು ಆ ತಪ್ಪು ತರ್ಕದಲ್ಲಿ ಅಡಗಿದೆ. ಚದುರಂಗದ ಪ್ರೋಗ್ರಾಂ ಎಂಬ ವಸ್ತು ಕೋಟ್ಯಂತರ ಸಾಮಾನ್ಯ ಜನರಿಗೆ ಏಕೆ ಪ್ರಿಯವಾಯಿತು ಎಂಬ ಪ್ರಶ್ನೆಗೆ ಉತ್ತರವನ್ನು ನಾನು ಅಲ್ಲಿಯೇ ಹುಡುಕುತ್ತೇನೆ. ಅದರ ಬಲದಲ್ಲಿ ಹುಡುಕುವವರಿಗೆ ಆ ಉತ್ತರ ದೊರೆಯಲಾರದು.

ಯಂತ್ರವು ನಿಜವಾಗಿ ಆಡುವುದೆಂತು? 1950ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಕ್ಲಾಡ್ ಶಾನನ್ ಪ್ರಕಟಿಸಿದ ಒಂದು ಲೇಖನದಲ್ಲಿ ಅದರ ಮೂಲಸೂತ್ರವು ವಿಶದವಾಗಿ ನಿರೂಪಿತವಾಯಿತು. ಕಾಲಾಳಿಗೆ ಒಂದು, ಕುದುರೆಗೂ ಒಂಟೆಗೂ ಮೂರು ಮೂರು, ಆನೆಗೆ ಐದು, ಮಂತ್ರಿಗೆ ಒಂಬತ್ತು ಎಂದು ಬೆಲೆ ಕಟ್ಟಿ, ಕಾಯಿಗಳು ನಿಂತ ನಿಲವಿನ ಗುಣಾವಗುಣಗಳನ್ನೂ ಅದಕ್ಕೆ ಕೂಡಿಸಿ ಕಳೆದು, ಯಾವ ಸ್ಥಿತಿಗಾದರೂ ಒಂದು ಅಂಕೆಯನ್ನು ಕೊಡಬಹುದು. ಬಳಿಕ, ನಾನು ಹೀಗೆ ನಡೆದರೆ ಅವನು ಹೇಗೆ ನಡೆದಾನು, ಅದಕ್ಕೆ ನಾನೇನು ಮಾಡಿಯೇನು ಎಂದು ಕೊಂಬೆಯಿಂದ ಕೊಂಬೆಗೆ ಹರಿಯುವ ಮರವೊಂದನ್ನು ಕಲ್ಪಿಸಿಕೊಂಡು, ಎದುರಾಳಿಯು ತನಗೆ ಅತ್ಯುತ್ತಮವಾದುದನ್ನೇ ಆರಿಸುವನೆಂಬ ಎಚ್ಚರದಿಂದ, ಕಡೆಗೆ ತನಗೆ ಹೆಚ್ಚು ಅಂಕ ಉಳಿಯುವ ಕೊಂಬೆಯನ್ನು ಯಂತ್ರವು ಹಿಡಿಯಬೇಕು. ಒಂದು ಸ್ಥಿತಿಯಲ್ಲಿ ಸರಾಸರಿ ಮೂವತ್ತು ನಡೆಗಳುಂಟೆಂದರೆ, ನನ್ನದೊಂದು ಅವನದೊಂದು ಕೂಡಿ ಸಾವಿರದಷ್ಟು ದಾರಿಗಳಾದವು. ನಲವತ್ತು ನಡೆಗಳ ಪೂರ್ತಿ ಆಟಕ್ಕೆ ಒಂದರ ಮುಂದೆ 120 ಸೊನ್ನೆಗಳನ್ನಿಟ್ಟಷ್ಟು ದಾರಿಗಳು! ಆದುದರಿಂದ ಎಲ್ಲವನ್ನೂ ಕಾಣುವ ಯಂತ್ರವು ಎಂದಿಗೂ ಇರಲಾರದೆಂದೂ, ಎಲ್ಲಿಯೋ ಒಂದು ಕಡೆ ನೋಟವನ್ನು ನಿಲ್ಲಿಸಿ ಅಂದಾಜು ಮಾಡಲೇಬೇಕೆಂದೂ ಶಾನನ್ ಮೊದಲೇ ತಿಳಿಸಿದರು. ಇಂಗ್ಲೆಂಡಿನಲ್ಲಿ ಅಲನ್ ಟ್ಯೂರಿಂಗ್ ಅವರು, ತಮ್ಮ ಕ್ರಮವಿಧಿಯನ್ನು ನಡೆಸಬಲ್ಲ ಗಣಕವಿಲ್ಲದೆ, ತಾವೇ ಕಾಗದ ಪೆನ್ಸಿಲು ಹಿಡಿದು ಒಂದೊಂದು ನಡೆಗೂ ಅರ್ಧ ಗಂಟೆಯಷ್ಟು ಲೆಕ್ಕ ಮಾಡಿ, 1952ರಲ್ಲಿ ಅಲಿಕ್ ಗ್ಲೆನಿ ಎಂಬ ಸಹೋದ್ಯೋಗಿಯೊಡನೆ ಆ ‘ಯಂತ್ರ’ವನ್ನು ಆಡಿಸಿದರು. ಇಪ್ಪತ್ತೊಂಬತ್ತನೆಯ ನಡೆಯಲ್ಲಿ ಅದು ಸೋತಿತು.

ಮುಂದಿನ ಕಾಲು ಶತಮಾನ ಚದುರಂಗದ ಪ್ರೋಗ್ರಾಮುಗಳು ವಿಶ್ವವಿದ್ಯಾಲಯಗಳ ಮತ್ತು ದೊಡ್ಡ ಸಂಸ್ಥೆಗಳ ಹವಾನಿಯಂತ್ರಿತ ಕೊಠಡಿಗಳಲ್ಲಿ, ಬೀರುಗಳಷ್ಟು ಎತ್ತರದ ಗಣಕಗಳೊಳಗೆ ಬಾಳಿದವು. ಆ ಚರಿತ್ರೆ ಪಂಡಿತರ ಚರಿತ್ರೆ. ಅದನ್ನು ಇಲ್ಲಿ ಬಿಡುತ್ತೇನೆ. ಜನಸಾಮಾನ್ಯರ ಚರಿತ್ರೆಯು ಪ್ರಾರಂಭವಾಗುವುದು 1976ರ ಡಿಸೆಂಬರಿನಲ್ಲಿ, ಕೆನಡಾದ ಟೊರಾಂಟೊ ನಗರದಲ್ಲಿ.

ಆ ಕಾಲಕ್ಕೆ ಕಿಮ್-1 ಎಂಬ ಒಂದು ಬರಿಯ ವಿದ್ಯುನ್ಮಂಡಲದ ಹಲಗೆ ಹವ್ಯಾಸಿಗಳಿಗೆ ದೊರೆಯುತ್ತಿತ್ತು. ಅದಕ್ಕೆ ಪರದೆಯಿಲ್ಲ, ಕ್ಯಾಲ್ಕುಲೇಟರಿನಲ್ಲಿರುವಂಥ ಗುಂಡಿಗಳು ಕೆಲವು, ಕೆಂಪಾಗಿ ಹೊಳೆಯುವ ಆರು ಅಂಕೆಗಳು, ಸುಮಾರು ಒಂದು ಕಿಲೋಬೈಟಿನ ಸ್ಮರಣೆ, ಇಷ್ಟೇ ಅದರ ಸರ್ವಸ್ವ. ಒಂದು ಕಿಲೋಬೈಟೆಂದರೆ ಎಷ್ಟೆಂಬುದನ್ನು ನಮ್ಮ ಭಾಷೆಯಿಂದಲೇ ಅಳೆಯುವುದಾದರೆ, ಈಗಿನ ಪದ್ಧತಿಯಲ್ಲಿ ಕನ್ನಡದ ಒಂದೊಂದು ಲಿಪಿಸಂಕೇತವೂ ಮೂರು ಬೈಟುಗಳನ್ನು ತೆಗೆದುಕೊಳ್ಳುವುದರಿಂದ, ಈ ಲೇಖನದ ನಲವತ್ತು ಪದಗಳನ್ನು ತುಂಬುವಷ್ಟರಲ್ಲಿ ಆ ಸ್ಥಳ ಭರ್ತಿಯಾಗಿಬಿಡುತ್ತದೆ. ಅಷ್ಟು ಕಿರಿದಾದ ಗೂಡಿನೊಳಗೆ ಪೀಟರ್ ಜೆನ್ನಿಂಗ್ಸ್ ಎಂಬವರು ಒಬ್ಬ ಚದುರಂಗದ ಆಟಗಾರನನ್ನು ಕೂರಿಸಿದರು. ಕೋಟೆ ಕಟ್ಟುವುದೇ ಮೊದಲಾದ ವಿಶೇಷ ನಡೆಗಳಿಗೆ ಅಲ್ಲಿ ಜಾಗವಿರಲಿಲ್ಲ. ಆಡುವವನು ತನ್ನ ಮಣೆಯನ್ನು ಪಕ್ಕದಲ್ಲಿಟ್ಟುಕೊಂಡು, ಕಾಯಿಯ ಮತ್ತು ಮನೆಗಳ ಸಂಖ್ಯೆಗಳನ್ನು ಒತ್ತಿ, ಯಂತ್ರದ ಉತ್ತರವಾಗಿ ಮಿನುಗಿದ ಸಂಖ್ಯೆಗಳನ್ನು ಓದಿ, ಅದರ ಕಾಯಿಯನ್ನೂ ತಾನೇ ಎತ್ತಿಡಬೇಕಾಗಿತ್ತು. ಬೆಲೆ ಹತ್ತು ಡಾಲರು. ಮೈಕ್ರೋಚೆಸ್ ಎಂಬ ಈ ಪ್ರೋಗ್ರಾಂ ಬೇರೆ ಬೇರೆ ಗೃಹಗಣಕಗಳಿಗೆ ಹೊಂದಿಕೆಯಾಗುತ್ತ ಹೋಗಿ, ಐವತ್ತು ಸಾವಿರ ಪ್ರತಿಗಳನ್ನು ಮುಟ್ಟಿದ ಮೊದಲನೆಯ ಗೃಹಗಣಕ ಪ್ರೋಗ್ರಾಂ ಎಂದು ಹೆಸರಾಯಿತು. ಅದರ ಮಾರಾಟದಿಂದ ಬಂದ ಹಣವು ವಿಸಿಕ್ಯಾಲ್ಕ್ ಎಂಬ ಮತ್ತೊಂದು ಪ್ರೋಗ್ರಾಮಿನ ನಿರ್ಮಾಣಕ್ಕೆ ನೆರವಾಯಿತು. 1979ರಲ್ಲಿ ಹೊರಬಂದ ವಿಸಿಕ್ಯಾಲ್ಕ್, ಇಂದು ಬೆಂಗಳೂರಿನ ಕಚೇರಿಯಿಂದ ಹಿಡಿದು ಹೋಬಳಿಯ ಸಹಕಾರ ಸಂಘದವರೆಗೆ ಲೆಕ್ಕ ಬರೆಯುವ ಅಡ್ಡಸಾಲು ಉದ್ದಸಾಲುಗಳ ಕೋಷ್ಟಕಗಳಿಗೆಲ್ಲ ಹಿರಿಯಜ್ಜ. ಆಟವು ಕಾರ್ಯಕ್ಕೆ ಅನ್ನವಿಟ್ಟ ಇಂಥ ನಿದರ್ಶನಗಳು ವಿರಳ.

ಮೈಕ್ರೋಚೆಸ್ ದುರ್ಬಲವಾದ ಆಟಗಾರ. ಹೊಸದಾಗಿ ಕಲಿತವನೂ ಎರಡು ವಾರದ ಅಭ್ಯಾಸದಿಂದ ಅದನ್ನು ಸೋಲಿಸಬಹುದಾಗಿತ್ತು. ಹಾಗಿದ್ದೂ ಜನ ಅದನ್ನು ಕೊಂಡರು ಎನ್ನುವುದಕ್ಕಿಂತ, ಹಾಗಿದ್ದುದರಿಂದಲೇ ಕೊಂಡರು ಎನ್ನುವುದು ನನ್ನ ಅಭಿಪ್ರಾಯ. ಅವರಿಗೆ ದೊರೆತದ್ದು ತಮ್ಮಂಥದೇ ಬುದ್ಧಿಯ ಒಬ್ಬ ಜೊತೆಗಾರ.

ಜೆನ್ನಿಂಗ್ಸರ ಹಿಂದೆಯೇ ಕ್ಯಾಲಿಫೋರ್ನಿಯಾದಲ್ಲಿ ಡ್ಯಾನ್ ಮತ್ತು ಕ್ಯಾತಿ ಸ್ಪ್ರಾಕ್ಲೆನ್ ಎಂಬ ದಂಪತಿಗಳು ಸಾರ್ಗಾನ್ ಎಂಬ ಪ್ರೋಗ್ರಾಮನ್ನು ಬರೆದರು. 1978ರ ಮಾರ್ಚಿನಲ್ಲಿ ಸ್ಯಾನ್ ಹೋಸೆಯ ಗಣಕ ಮೇಳದಲ್ಲಿ ನಡೆದ ಸ್ಪರ್ಧೆಯಲ್ಲಿ ಅದು ಒಂದು ಆಟವನ್ನೂ ಸೋಲದೆ ಗೆದ್ದಿತು. ಅದು ಜನರ ಕೈಸೇರಿದ ಬಗೆ ಇನ್ನೂ ಸ್ವಾರಸ್ಯವಾದದ್ದು: ಪ್ರೋಗ್ರಾಮಿನ ಪೂರ್ತಿ ಪಾಠವನ್ನೇ ಪುಸ್ತಕವಾಗಿ ಅಚ್ಚು ಮಾಡಿ ಮಾರಿದರು, ಕೊಂಡವರು ಸಾಲುಸಾಲಾಗಿ ಅದನ್ನು ತಮ್ಮ ಗಣಕಕ್ಕೆ ಊಡಿದರು. ಇಂಗ್ಲೆಂಡಿನಲ್ಲಿ ಡೇವಿಡ್ ಹೋರ್ನ್ ಎಂಬವರು ಝಡ್‌ಎಕ್ಸ್-81 ಎಂಬ ಅಗ್ಗದ ಗಣಕಕ್ಕಾಗಿ ಬರೆದ, ಕೇವಲ 672 ಬೈಟುಗಳ ಚದುರಂಗವು 1983ರಲ್ಲಿ ಮಾಸಪತ್ರಿಕೆಯೊಂದರ ಪುಟಗಳಲ್ಲಿಯೇ ಪ್ರಕಟವಾಗಿ, ಶಾಲೆಯ ಹುಡುಗರು ಅದನ್ನು ನೋಡಿ ನೋಡಿ ಒತ್ತಿ ಎದುರಾಳಿಯನ್ನು ತಾವೇ ಮಾಡಿಕೊಂಡರು. ಎದುರಾಳಿಯನ್ನು ಅಕ್ಷರಶಃ ಬರೆದುಕೊಂಡ ಆ ಮಕ್ಕಳಿಗೆ ಯಂತ್ರದ ವಿಷಯದಲ್ಲಿ ಭಯವಿದ್ದಿರಲಾರದು.

ಇವೆಲ್ಲ ಗಣಕವುಳ್ಳವರ ಮಾತಾಯಿತು. ಗಣಕವಿಲ್ಲದವರ ಮನೆಗೆ ಚದುರಂಗದ ಯಂತ್ರವನ್ನು ಒಯ್ದದ್ದು ಫಿಡೆಲಿಟಿ ಎಲೆಕ್ಟ್ರಾನಿಕ್ಸ್ ಎಂಬ ಅಮೆರಿಕದ ಸಂಸ್ಥೆ. ಕಿವಿ ಮಂದವಾದವರಿಗೆ ಶ್ರವಣಸಾಧನಗಳನ್ನು ತಯಾರಿಸುತ್ತಿದ್ದ ಈ ಸಂಸ್ಥೆಯು 1977ರಲ್ಲಿ ಚೆಸ್ ಚಾಲೆಂಜರ್ ಎಂಬ, ಮಣೆಯೂ ಮಿದುಳೂ ಒಂದೇ ಆಗಿದ್ದ ಪೆಟ್ಟಿಗೆಯನ್ನು ಅಂಗಡಿಗಳಿಗೆ ತಂದಿತು. ಮೊದಲನೆಯ ಪೆಟ್ಟಿಗೆಗೆ ಒಂದೇ ಮಟ್ಟದ ಆಟ ಗೊತ್ತಿತ್ತು. ಅದರ ಹಿಂದೆ ಬಂದ ಪೆಟ್ಟಿಗೆಗಳ ಹೆಸರನ್ನು ನೋಡಿ: ಚೆಸ್ ಚಾಲೆಂಜರ್ 3, ಚೆಸ್ ಚಾಲೆಂಜರ್ 10. ಮೂರು, ಹತ್ತು ಎಂಬ ಈ ಅಂಕೆಗಳು ಬಲದ ಅಂಕೆಗಳಲ್ಲ, ಮಟ್ಟಗಳ ಅಂಕೆಗಳು. ಯಂತ್ರವು ಎಷ್ಟು ಮೆಟ್ಟಿಲುಗಳಷ್ಟು ಕೆಳಗಿಳಿದು ಬರಬಲ್ಲುದೆಂಬುದೇ ಅದರ ಹಿರಿಮೆಯಾಗಿ ಹೆಸರಿನಲ್ಲಿ ಕುಳಿತಿತು. 1979ರಲ್ಲಿ ಅದೇ ಸಂಸ್ಥೆಯು ನಡೆಗಳನ್ನು ಬಾಯಿಬಿಟ್ಟು ಹೇಳುವ ಪೆಟ್ಟಿಗೆಯನ್ನು ಹೊರತಂದಿತು. ಕಣ್ಣಿಲ್ಲದವನೊಬ್ಬನು ಯಾರ ಹಂಗೂ ಇಲ್ಲದೆ, ತನ್ನ ಕೋಣೆಯಲ್ಲಿ, ತನಗೆ ಬೇಕಾದ ಹೊತ್ತಿನಲ್ಲಿ ಚದುರಂಗವಾಡಿದನೆಂಬುದನ್ನು ಜಗಜ್ಜೇತರನ್ನು ಮಣಿಸಿದ ಯಾವ ಪರಾಕ್ರಮಕ್ಕಿಂತಲೂ ಹಿರಿದಾದ ಸಾಧನೆಯೆಂದು ನಾನು ಎಣಿಸುತ್ತೇನೆ.

ಈ ಪೆಟ್ಟಿಗೆಗಳನ್ನು ಮನೆಗೆ ತಂದುಕೊಂಡವನು ಅವುಗಳಲ್ಲಿ ಕಂಡ ಗುಣಗಳಾವುವು? ಮೊದಲನೆಯದು ತಾಳ್ಮೆ. ಒಂದು ನಡೆಗೆ ನೀವು ಅರ್ಧ ಗಂಟೆ ಯೋಚಿಸಿದರೂ ಅದು ಆಕಳಿಸುವುದಿಲ್ಲ, ಕಾಲು ಕುಣಿಸುವುದಿಲ್ಲ, ಗಡಿಯಾರವನ್ನು ನೋಡುವುದಿಲ್ಲ. ನಡುವೆ ಎದ್ದು ಊಟ ಮುಗಿಸಿ ಬಂದರೂ ಕಾಯಿಗಳನ್ನು ಕದಲಿಸದೆ ಕಾದಿರುತ್ತದೆ. ಆದರೆ ಇದಕ್ಕಿಂತ ದೊಡ್ಡ ಗುಣವೊಂದುಂಟು. ಚದುರಂಗದ ಸೋಲಿನಲ್ಲಿ ಬೇರೆ ಆಟಗಳ ಸೋಲಿಗಿಲ್ಲದ ಒಂದು ಕಹಿಯಿದೆ. ಎಲೆ ಸರಿ ಬೀಳಲಿಲ್ಲವೆಂದೋ ಕವಡೆ ಕೈಕೊಟ್ಟಿತೆಂದೋ ಬಿಸಿಲು ಕಣ್ಣಿಗೆ ಹೊಡೆಯಿತೆಂದೋ ಅಲ್ಲಿ ನೆಪ ಹೇಳುವಂತಿಲ್ಲ. ಸೋತವನ ಬುದ್ಧಿಯೇ ಸೋತಿತೆಂದು ಎದುರಿನವನ ಮುಗುಳುನಗೆಯು, ಅವನು ನಗದಿದ್ದರೂ, ಹೇಳಿಬಿಡುತ್ತದೆ. ಆ ಮುಖಭಂಗಕ್ಕೆ ಅಂಜಿ ಎಷ್ಟೋ ಜನ ಬಾಲ್ಯದಲ್ಲಿ ಕಲಿತ ಆಟವನ್ನು ದೊಡ್ಡವರಾದ ಮೇಲೆ ಮುಟ್ಟದೆ ಬಿಟ್ಟಿರುತ್ತಾರೆ. ಯಂತ್ರದ ಮುಂದೆ ಆ ನಾಚಿಕೆಯಿಲ್ಲ. ಮಂತ್ರಿಯನ್ನು ಕಣ್ಣು ತಪ್ಪಿ ಕಳೆದುಕೊಂಡವನು ಒಂದು ಗುಂಡಿಯನ್ನೊತ್ತಿ ನಡೆಯನ್ನು ಹಿಂತೆಗೆದುಕೊಳ್ಳಬಹುದು. ಇನ್ನೊಮ್ಮೆ ತಪ್ಪಿದರೆ ಇನ್ನೊಮ್ಮೆ ಹಿಂತೆಗೆಯಬಹುದು. ಈ ಅವಮಾನಕ್ಕೆ ಸಾಕ್ಷಿಯಾರೂ ಇಲ್ಲ. ಕಲಿಯುವವನಿಗೆ ತಪ್ಪು ಮಾಡಲು ಒಂದು ಏಕಾಂತ ಬೇಕು. ಸಂಗೀತಗಾರನಿಗೆ ಮುಂಜಾನೆಯ ಸಾಧಕ ಹೇಗೋ, ಬಡ ಚದುರಂಗಪ್ರಿಯನಿಗೆ ಈ ಪೆಟ್ಟಿಗೆ ಹಾಗೆ ಆ ಏಕಾಂತವನ್ನು ಒದಗಿಸಿಕೊಟ್ಟಿತು.

ತಯಾರಕರು ಮಾತ್ರ ಬಲದ ಹಿಂದೆಯೇ ಓಡಿದರು. ಓಡದೆ ಅವರಿಗೆ ವಿಧಿಯೂ ಇರಲಿಲ್ಲ, ಏಕೆಂದರೆ ಪೆಟ್ಟಿಗೆಯ ಮೇಲೆ ಅಚ್ಚು ಮಾಡಿ ಹೇಳಿಕೊಳ್ಳಲು ಬರುವುದು ಬಲವೊಂದೇ. ಜರ್ಮನಿಯ ಮೆಫಿಸ್ಟೊ, ಹಾಂಗ್‌ಕಾಂಗಿನ ನೋವಾಗ್ ಯಂತ್ರಗಳು ವರ್ಷವರ್ಷಕ್ಕೂ ಬಲಿಯುತ್ತ ಬಂದವು. ಈ ಓಟದಲ್ಲಿ ಸಾಮಾನ್ಯರು ನೆನಪಿಡಬೇಕಾದ ತಾರೀಖು, ಎಲ್ಲರೂ ಹೇಳುವ 1997 ಅಲ್ಲ, 1994. ಆ ವರ್ಷದ ಮೇ ತಿಂಗಳಲ್ಲಿ ಮ್ಯೂನಿಕ್ಕಿನಲ್ಲಿ ಫ್ರಿಟ್ಜ್ ಎಂಬ ಪ್ರೋಗ್ರಾಂ ಐದೈದು ನಿಮಿಷಗಳ ಆಟವೊಂದರಲ್ಲಿ ಚದುರಂಗದ ಜಗಜ್ಜೇತ ಗ್ಯಾರಿ ಕ್ಯಾಸ್ಪರೋವರನ್ನು ಸೋಲಿಸಿತು. ಆಗಸ್ಟಿನಲ್ಲಿ ಲಂಡನ್ನಿನಲ್ಲಿ, ರಿಚರ್ಡ್ ಲ್ಯಾಂಗ್ ಎಂಬ ಆಂಗ್ಲರು ಬರೆದ ಚೆಸ್ ಜೀನಿಯಸ್, ಇಪ್ಪತ್ತೈದು ನಿಮಿಷಗಳ ಎರಡು ಆಟಗಳಲ್ಲಿ ಒಂದನ್ನು ಗೆದ್ದು ಒಂದನ್ನು ಸಮ ಮಾಡಿ ಅವರನ್ನು ಪಂದ್ಯದಿಂದಲೇ ಹೊರಗಟ್ಟಿತು. ಇವೆರಡೂ ಅಂಗಡಿಯಲ್ಲಿ ದುಡ್ಡು ಕೊಟ್ಟು ಯಾರು ಬೇಕಾದರೂ ಮನೆಗೆ ತರಬಹುದಾಗಿದ್ದ ಪ್ರೋಗ್ರಾಮುಗಳು. ಸೆಕೆಂಡಿಗೆ ಇಪ್ಪತ್ತು ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತ 1997ರ ಮೇ ತಿಂಗಳಲ್ಲಿ ಕ್ಯಾಸ್ಪರೋವರನ್ನು ಮೂರೂವರೆ–ಎರಡೂವರೆ ಅಂಕಗಳಿಂದ ಸೋಲಿಸಿದ ಐಬಿಎಂ ಸಂಸ್ಥೆಯ ಡೀಪ್ ಬ್ಲೂ ಯಾರ ಮನೆಗೂ ಬರಲಿಲ್ಲ. ಅದರ ಭಾಗಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿವೆ. ಆ ಪಂದ್ಯದ ಎರಡನೆಯ ಆಟದಲ್ಲಿ ಯಂತ್ರದ ಕೆಲವು ನಡೆಗಳನ್ನು ಕಂಡ ಕ್ಯಾಸ್ಪರೋವರು ಇದರಲ್ಲಿ ಮನುಷ್ಯನ ಕೈವಾಡವಿರಬಹುದೆಂಬ ಶಂಕೆಯನ್ನು ಬಹಿರಂಗವಾಗಿ ಸೂಚಿಸಿದರು. ಐಬಿಎಂ ಅದನ್ನು ನಿರಾಕರಿಸಿತು. ಪೋ ಬರೆದು ನೂರ ಅರವತ್ತೊಂದು ವರ್ಷಗಳ ಬಳಿಕವೂ, ಪೆಟ್ಟಿಗೆಯೊಳಗೆ ಯಾರಾದರೂ ಕುಳಿತಿದ್ದಾರೆಯೇ ಎಂದು ಜಗತ್ತಿನ ಅತಿ ದೊಡ್ಡ ಆಟಗಾರನೊಬ್ಬನು ಕೇಳಿದನೆಂಬುದು ನನ್ನನ್ನು ಇಂದಿಗೂ ಯೋಚನೆಗೆ ಹಚ್ಚುತ್ತದೆ.

ಆಮೇಲಿನ ಬಲದ ಕಥೆ ಬೇಗ ಮುಗಿಯುತ್ತದೆ. 2009ರಲ್ಲಿ ಬ್ಯೂನಸ್ ಐರಿಸ್ಸಿನ ಒಂದು ಪಂದ್ಯಾವಳಿಯಲ್ಲಿ ಅಂಗೈಯಗಲದ ದೂರವಾಣಿಯಲ್ಲಿ ನಡೆಯುತ್ತಿದ್ದ ಪಾಕೆಟ್ ಫ್ರಿಟ್ಜ್, ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಕಡಿಮೆ ಸ್ಥಿತಿಗಳನ್ನು ನೋಡುತ್ತಲೇ, ಹತ್ತರಲ್ಲಿ ಒಂಬತ್ತೂವರೆ ಅಂಕ ಗಳಿಸಿತು. ಇಂದು ಸ್ಟಾಕ್‌ಫಿಶ್ ಎಂಬ, ಯಾರೂ ಕಾಸು ಕೊಡಬೇಕಾಗಿಲ್ಲದ ಪ್ರೋಗ್ರಾಮಿನ ಮುಂದೆ ನಿಲ್ಲಬಲ್ಲ ಮನುಷ್ಯನು ಭೂಮಿಯ ಮೇಲಿಲ್ಲ. ಹಾಗಾದ ಮೇಲೆ, ಒಂದು ಕಾಲಕ್ಕೆ ಪೆಟ್ಟಿಗೆಯೊಳಗೆ ಮನುಷ್ಯನನ್ನು ಅಡಗಿಸಿ ಯಂತ್ರವೆಂದು ತೋರಿಸುತ್ತಿದ್ದ ಲೋಕದಲ್ಲಿ, ಯಂತ್ರವನ್ನು ಜೇಬಿನಲ್ಲಡಗಿಸಿಕೊಂಡು ತಾನೇ ಆಡಿದೆನೆಂದು ತೋರಿಸುವ ಆಟಗಾರರೂ ಹುಟ್ಟಿಕೊಂಡರು. ಅದು ದುಃಖದ ಅಧ್ಯಾಯ.

ನನಗೆ ಮುಖ್ಯವಾಗಿ ಹೇಳಬೇಕಾಗಿರುವುದು ಬೇರೆ. ಯಾರಿಗೂ ಸೋಲದ ಯಂತ್ರ ಕೈಗೆ ಬಂದಮೇಲೆ, ಅದನ್ನು ಸಾಮಾನ್ಯನೊಡನೆ ಆಡಿಸುವುದು ಹೇಗೆಂಬುದೇ ದೊಡ್ಡ ಸಮಸ್ಯೆಯಾಯಿತು. ಸೋಲುವುದೂ ಒಂದು ವಿದ್ಯೆ. ಅದನ್ನು ಬಲ್ಲವರ ಮುಂದೆ ಕುಳಿತು ನಾನು ಆಟ ಕಲಿತೆ. ನಮ್ಮ ತಾತನವರು ನನ್ನೊಡನೆ ಮೊದಲು ತಮ್ಮ ಮಂತ್ರಿಯನ್ನು ಮಣೆಯಿಂದ ತೆಗೆದಿಟ್ಟು ಆಡುತ್ತಿದ್ದರು; ನಾನು ತುಸು ಬಲಿತ ಮೇಲೆ ಮಂತ್ರಿ ಹಿಂದಿರುಗಿ ಬಂದು ಆನೆ ಹೊರಗುಳಿಯಿತು; ಅದಾದ ಮೇಲೆ ಕುದುರೆ. ಎಲ್ಲ ಕಾಯಿಗಳನ್ನೂ ಇಟ್ಟುಕೊಂಡು ಆಡಲಾರಂಭಿಸಿದ ಬಳಿಕವೂ ಅವರು ಕೆಲವೊಮ್ಮೆ ಸೋಲುತ್ತಿದ್ದರು. ಆದರೆ ಅವರು ಎಂದೂ ತಮ್ಮ ಕಾಯಿಯನ್ನು ನನ್ನ ಬಾಯಿಗೆ ತಂದು ಇಟ್ಟವರಲ್ಲ. ರಾಜನ ಪಕ್ಕದ ಒಂದು ಕಾಲಾಳನ್ನು ಅಗತ್ಯಕ್ಕಿಂತ ಒಂದು ಮನೆ ಮುಂದೆ ನೂಕಿ, ಅಲ್ಲಿ ಬಿಟ್ಟ ಬಿರುಕು ನನ್ನ ಕಣ್ಣಿಗೆ ಬೀಳುವುದೋ ಇಲ್ಲವೋ ಎಂದು ಕಾಯುತ್ತ, “ಈಗೇನು ಮಾಡ್ತೀಯಪ್ಪ, ನಿಧಾನವಾಗಿ ನೋಡು” ಎನ್ನುತ್ತಿದ್ದರು. ಕಂಡರೆ ಗೆಲವು ನನ್ನದು. ಕಾಣದಿದ್ದರೆ ಅವರು ಆ ಬಿರುಕನ್ನು ಮುಚ್ಚಿ ಮುಂದೆ ಸಾಗುತ್ತಿದ್ದರು. ದುಡಿದು ಪಡೆಯಬಹುದಾದ ಗೆಲವನ್ನು ಎದುರಿಗಿಡುವುದು, ಅದನ್ನು ದಾನವಾಗಿ ಕೊಡದಿರುವುದು, ಇದೇ ಆ ವಿದ್ಯೆಯ ಸಾರ.

ಯಂತ್ರಕ್ಕೆ ಈ ವಿದ್ಯೆಯನ್ನು ಹೇಳಿಕೊಡುವುದು ಗೆಲ್ಲುವುದನ್ನು ಹೇಳಿಕೊಡುವುದಕ್ಕಿಂತ ಕಠಿಣವಾಗಿ ಪರಿಣಮಿಸಿತು. ಅದರ ನೋಟದ ದೂರವನ್ನು ಕಡಿಮೆ ಮಾಡಿದರೆ, ಎರಡು ನಡೆಗಳೊಳಗಿನ ಏಟನ್ನು ತಪ್ಪದೆ ಕಂಡು, ನಾಲ್ಕು ನಡೆಗಳಾಚೆಗಿನ ಗುಂಡಿಗೆ ತಪ್ಪದೆ ಬಿದ್ದು, ಅದು ವಿಚಿತ್ರವಾದೊಂದು ಕುರುಡಿನಿಂದ ಆಡುತ್ತದೆ. ಇನ್ನೊಂದು ಮಾರ್ಗವೆಂದರೆ, ಒಳ್ಳೆಯ ನಡೆಗಳೆಲ್ಲವನ್ನೂ ಕಂಡುಕೊಂಡ ಬಳಿಕ ಆಗಾಗ ಬೇಕೆಂದೇ ಕೆಟ್ಟದ್ದೊಂದನ್ನು ಆರಿಸುವುದು. ಸ್ಟಾಕ್‌ಫಿಶ್ಶಿನಲ್ಲಿ ಸೊನ್ನೆಯಿಂದ ಇಪ್ಪತ್ತರವರೆಗೆ ಇರುವ ಮಟ್ಟಗಳು ಈ ಬಗೆಯವು. ಇಂಥ ಎದುರಾಳಿಯು ಇಪ್ಪತ್ತು ನಡೆಗಳನ್ನು ಮಹಾಪಂಡಿತನಂತೆ ಆಡಿ, ಇಪ್ಪತ್ತೊಂದನೆಯದರಲ್ಲಿ ಕಾರಣವಿಲ್ಲದೆ ತನ್ನ ಕುದುರೆಯನ್ನು ಕಡಿಯಗೊಡುತ್ತಾನೆ. ಕಡಿದವನಿಗೆ ಸಂತೋಷವಾಗುವುದಿಲ್ಲ, ತನ್ನನ್ನು ಮಗುವೆಂದು ಸಮಾಧಾನ ಮಾಡಿದರೆಂಬ ಕಸಿವಿಸಿಯಾಗುತ್ತದೆ.

ಆಟದ ವ್ಯಾಪಾರದಲ್ಲಿ ನುರಿತವರು ಇದನ್ನು ತಮ್ಮದೇ ರೀತಿಯಲ್ಲಿ ಗ್ರಹಿಸಿದರು. 1986ರಲ್ಲಿ ಬಂದು ಎರಡು ದಶಕಗಳ ಕಾಲ ಮನೆಮನೆಗಳಲ್ಲಿ ಬಾಳಿದ ಚೆಸ್‌ಮಾಸ್ಟರ್ ಎಂಬ ಸರಣಿಯ ಪೆಟ್ಟಿಗೆಯ ಮೇಲೆ ಅವರು ಗಣಕದ ಚಿತ್ರವನ್ನು ಹಾಕಲಿಲ್ಲ. ಬಿಳಿಗಡ್ಡದ ಒಬ್ಬ ವೃದ್ಧನ ಮುಖವನ್ನು ಹಾಕಿದರು. ಒಳಗಾದರೂ, ಬರಿಯ ಮಟ್ಟಗಳಿಗೆ ಬದಲು, ಹೆಸರೂ ಸ್ವಭಾವವೂ ಉಳ್ಳ ಎದುರಾಳಿಗಳನ್ನು ಮುಂದಿನ ಆವೃತ್ತಿಗಳಲ್ಲಿ ಕೂಡಿಸುತ್ತ ಹೋದರು: ಒಬ್ಬನಿಗೆ ಮಂತ್ರಿಯನ್ನು ಬೇಗ ಹೊರತರುವ ಚಪಲ, ಒಬ್ಬಳಿಗೆ ಕಾಲಾಳುಗಳ ಮೇಲೆ ಮಮತೆ. 1988ರ ಬ್ಯಾಟಲ್ ಚೆಸ್‌ನಲ್ಲಿ ಕಾಯಿಗಳು ಜೀವತಾಳಿ ಕತ್ತಿ ಹಿರಿದು ಹೋರಾಡುತ್ತಿದ್ದವು. ಬಲ್ಲವರು ಅದನ್ನು ಹಗುರವಾಗಿ ಕಂಡರು, ಆದರೆ ಆ ಯುದ್ಧವನ್ನು ನೋಡಲೆಂದು ಬಂದು ಆಟ ಕಲಿತು ಹೋದ ಮಕ್ಕಳನ್ನು ಎಣಿಸಿದವರು ಯಾರು? 2023ರ ಜನವರಿಯಲ್ಲಿ ಚೆಸ್ ಡಾಟ್ ಕಾಮ್ ತಾಣವು ಮಿಟನ್ಸ್ ಎಂಬ ಬೆಕ್ಕಿನ ಮರಿಯೊಂದನ್ನು ಎದುರಾಳಿಯಾಗಿ ಕೂರಿಸಿತು. ಅದರ ಬಲವನ್ನು ಕೇವಲ 1 ಎಂದು ನಮೂದಿಸಿದ್ದರೂ, ಆ ದೊಡ್ಡ ಕಣ್ಣುಗಳ ಹಿಂದೆ ಯಾರನ್ನೂ ಉಳಿಸದ ಆಟವಿತ್ತು. ಜನ ಲಕ್ಷಾಂತರ ಸಲ ಅದರ ಕೈಯಲ್ಲಿ ಸೋತು ಮತ್ತೆ ಮತ್ತೆ ಹಿಂದಿರುಗಿದರು. ಇದು ನನ್ನ ವಾದಕ್ಕೆ ವಿರುದ್ಧವೆಂದು ಮೇಲುನೋಟಕ್ಕೆ ಕಂಡೀತು. ಸೋಲಲಾರದ ಎದುರಾಳಿಯೂ ಜನಪ್ರಿಯನಾಗಲಿಲ್ಲವೆ? ಆದರೆ ಜನ ಅಲ್ಲಿಗೆ ಹೋದದ್ದು ಅದರ ಬಲಕ್ಕಾಗಿ ಅಲ್ಲ. ಅಂಥ ಬಲ ಪ್ರತಿಯೊಬ್ಬರ ಜೇಬಿನಲ್ಲಿಯೂ ಬಹುಕಾಲದಿಂದ ಬಿದ್ದಿತ್ತು. ಅಲ್ಲಿ ಒಂದು ಮುಖವಿತ್ತು, ಕೆಣಕುವ ಮಾತಿತ್ತು. ಪೆಟ್ಟಿಗೆಯೊಳಗೆ ಯಾರೋ ಇದ್ದಾರೆಂಬ ಭಾವವಿತ್ತು.

ಸೋಲುವ ವಿದ್ಯೆಯಲ್ಲಿ ಈವರೆಗಿನ ಅತ್ಯಂತ ಪ್ರಾಮಾಣಿಕವಾದ ಪ್ರಯತ್ನವೆಂದು ನಾನು ಭಾವಿಸುವುದು 2020ರಲ್ಲಿ ಪ್ರಕಟವಾದ ಮಾಯಾ ಎಂಬ ಪ್ರೋಗ್ರಾಮನ್ನು. ಟೊರಾಂಟೊ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಹಾಗೂ ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದ ವಿದ್ವಾಂಸರು, ಉತ್ತಮವಾದ ನಡೆ ಯಾವುದೆಂಬ ಪ್ರಶ್ನೆಯನ್ನು ಬದಿಗಿಟ್ಟು, ಈ ಮಟ್ಟದ ಮನುಷ್ಯನು ಇಲ್ಲಿ ಏನು ಆಡಿಯಾನು ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಲಿಚೆಸ್ ತಾಣದಲ್ಲಿ ಸಾಮಾನ್ಯ ಜನರು ಆಡಿದ ಲಕ್ಷಲಕ್ಷ ಆಟಗಳನ್ನು ಅದಕ್ಕೆ ಉಣಿಸಿ, ಆಟಗಾರರ ಬಲವನ್ನು ಅಳೆಯುವ ಅಂಕಗಳಲ್ಲಿ 1100ರಿಂದ 1900ರವರೆಗಿನ ಒಂಬತ್ತು ಮಟ್ಟಗಳಿಗೆ ಒಂಬತ್ತು ರೂಪಗಳನ್ನು ಸಿದ್ಧಪಡಿಸಿದರು. ತನ್ನ ಮಟ್ಟದ ಆಟಗಾರನು ಇಡುವ ನಡೆಯನ್ನು ಅದು ಅರ್ಧಕ್ಕರ್ಧ ಸಲ ಸರಿಯಾಗಿ ಊಹಿಸಬಲ್ಲುದು. ಶಾನನ್ನರ ಮರದ ಕೊಂಬೆಗಳನ್ನು ಅದು ಹತ್ತುವುದೇ ಇಲ್ಲ. ಮಣೆಯನ್ನು ಒಮ್ಮೆ ನೋಡಿ, ನಮ್ಮಂಥವರು ಇಲ್ಲಿ ಏನು ಮಾಡಿದ್ದಾರೆಂಬ ನೆನಪಿನಿಂದ ನಡೆಯನ್ನಿಡುತ್ತದೆ. ಆದುದರಿಂದ ಅದರ ತಪ್ಪುಗಳು ನಮ್ಮ ತಪ್ಪುಗಳೇ: ಮೂಲೆಯಿಂದ ಮೂಲೆಗೆ ದೃಷ್ಟಿಯಿಟ್ಟ ಒಂಟೆಯನ್ನು ಮರೆಯುವುದು, ಷಹ ಕೊಡುವ ಆತುರದಲ್ಲಿ ಮನೆಯ ಕಾವಲನ್ನು ಬಿಡುವುದು. ಅಂಥ ತಪ್ಪನ್ನು ಕಂಡುಹಿಡಿದು ಗೆದ್ದವನು ಒಬ್ಬ ಮನುಷ್ಯನನ್ನು ಗೆದ್ದಂತೆಯೇ. ಮರದ ಬೊಂಬೆಯೊಳಗೆ ಉಸಿರು ಬಿಗಿಹಿಡಿದು ಕುಳಿತಿದ್ದ ಆ ಒಬ್ಬ ಆಟಗಾರನ ಸ್ಥಳದಲ್ಲಿ, ಹೆಸರು ಗೊತ್ತಿಲ್ಲದ ಅಸಂಖ್ಯಾತ ಸಾಮಾನ್ಯ ಆಟಗಾರರ ಅಭ್ಯಾಸಗಳು ಈಗ ಪೆಟ್ಟಿಗೆಯೊಳಗೆ ಕುಳಿತಿವೆ. ಜೆನ್ನಿಂಗ್ಸರ ಟೊರಾಂಟೊದಿಂದಲೇ ಇದೂ ಬಂದದ್ದು ಕಾಕತಾಳೀಯವಾದರೂ ಹಿತವಾದ ಕಾಕತಾಳೀಯ.

ಈ ಪ್ರೋಗ್ರಾಮುಗಳಲ್ಲಿ ಕೆಲವು ಇಂದು ಬೆಲೆಯಿಲ್ಲದೆ ದೊರೆಯುತ್ತವೆ. ಮಕ್ಕಳು ಪರವೂರುಗಳಿಗೂ ಪರದೇಶಗಳಿಗೂ ಹೋಗಿ, ಮಧ್ಯಾಹ್ನಗಳು ಬಹಳ ದೀರ್ಘವಾಗಿಬಿಟ್ಟ ಹಿರಿಯರು ನಮ್ಮ ಮನೆಗಳಲ್ಲಿದ್ದಾರೆ; ಒಂದು ಕಾಲಕ್ಕೆ ಜಗಲಿಯ ಮೇಲೆ ಚದುರಂಗ ಹಾಸಿ ಕುಳಿತವರು ಅವರಲ್ಲಿ ಅನೇಕರು. ಓದುಗರಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಈ ಭಾನುವಾರ ಅವರ ಕೈಯಲ್ಲಿರುವ ದೂರವಾಣಿಗೆ ಇಂಥದೊಂದು ಆಟವನ್ನು ಹಾಕಿಕೊಡಿ; ಅಕ್ಷರಗಳನ್ನು ದೊಡ್ಡದು ಮಾಡಿ, ನಡೆಯನ್ನು ಹಿಂತೆಗೆದುಕೊಳ್ಳುವ ಗುಂಡಿ ಎಲ್ಲಿದೆಯೆಂಬುದನ್ನು ತೋರಿಸಿ, ಮೂರರಲ್ಲಿ ಒಂದನ್ನಾದರೂ ಅವರು ಗೆಲ್ಲುವಂಥ ಮಟ್ಟಕ್ಕೆ ಅದನ್ನು ಇಳಿಸಿಡಿ. ಆಮೇಲೆ ಅಟ್ಟದ ಮೇಲಿನ ಹಳೆಯ ಮಣೆಯನ್ನು ಕೆಳಗಿಳಿಸಿ ಧೂಳು ಒರೆಸಿ, ಮೊದಲನೆಯ ಆಟಕ್ಕೆ ನೀವೇ ಎದುರು ಕುಳಿತುಕೊಳ್ಳಿ.